ಹಸಿರು ಅಡುಗೆಮನೆಗೆ ಮೊದಲ ಹೆಜ್ಜೆ ಕಸದ ಬುಟ್ಟಿ

ಅಡುಗೆಮನೆಯನ್ನು ಪರಿಸರಸ್ನೇಹಿ ಮಾಡಬೇಕೆಂದು ಹೊರಟವರು ಬಹುಮಟ್ಟಿಗೆ ಮೊದಲು ಅಂಗಡಿಗೆ ಹೋಗುತ್ತಾರೆ. ಬಿದಿರಿನ ಸೌಟು, ಗಾಜಿನ ಡಬ್ಬಿ, ಸ್ಟೀಲ್ ಸ್ಟ್ರಾ ಮನೆಗೆ ಬರುತ್ತವೆ. ಇನ್ನೂ ಎಷ್ಟೋ ವರ್ಷ ಬಾಳಬಹುದಾಗಿದ್ದ ಪ್ಲಾಸ್ಟಿಕ್ ಡಬ್ಬಿಗಳು ಗುಜರಿ ಸೇರುತ್ತವೆ. ಜೇಬೂ ಖಾಲಿ, ಕಸವೂ ಜಾಸ್ತಿ. ರವೆ, ಬೇಳೆ ತುಂಬಿಡುವ ಹಳೆಯ ಡಬ್ಬಿ ಒಡೆಯುವ ತನಕ ಇದ್ದರೆ ನಷ್ಟವೇನಿಲ್ಲ. ಬಿಸಿ ಸಾರು, ಎಣ್ಣೆ, ಉಪ್ಪಿನಕಾಯಿಯನ್ನಷ್ಟೇ ಸ್ಟೀಲಿಗೋ ಗಾಜಿಗೋ ಭರಣಿಗೋ ವರ್ಗಾಯಿಸಿದರಾಯಿತು. ಕೆಲಸ ಶುರುವಾಗಬೇಕಾದ ಜಾಗ ಸಿಂಕಿನ ಕೆಳಗಿದೆ.

ಅಲ್ಲಿರುವ ಕಸದ ಬುಟ್ಟಿಗೆ ಒಂದು ವಾರ ಏನೇನು ಬೀಳುತ್ತದೆ ಎಂದು ಗಮನಿಸಿ, ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಿ. ರಾತ್ರಿ ಉಳಿದ ಅನ್ನ ಪದೇ ಪದೇ ಕಂಡರೆ ಅಕ್ಕಿಯ ಅಳತೆ ಇಳಿಯಬೇಕು. ಕೊಳೆತ ಸೊಪ್ಪು ಕಂಡರೆ ಸಂತೆಗೆ ಒಯ್ಯುವ ಚೀಲ ಚಿಕ್ಕದಾಗಬೇಕು. ಸಿಪ್ಪೆಯ ವಿಚಾರದಲ್ಲಂತೂ ಕನ್ನಡಿಗರ ಅಡುಗೆ ಮೊದಲಿನಿಂದಲೂ ಜಾಣ. ಹೀರೆಕಾಯಿ ಸಿಪ್ಪೆ ಚಟ್ನಿಯಾಗುತ್ತದೆ, ಕರಾವಳಿಯಲ್ಲಿ ಕಲ್ಲಂಗಡಿಯ ಬಿಳಿ ಭಾಗ ದೋಸೆಯಾಗುತ್ತದೆ, ಸೊಪ್ಪು-ಕಾಳು ಬೇಯಿಸಿ ಬಸಿದ ಕಟ್ಟು ಬಸ್ಸಾರಾಗುತ್ತದೆ.

ಎರಡು ಬುಟ್ಟಿ, ಒಂದು ಚೀಲ

ಬೆಂಗಳೂರಿನ ಕಸ ಹೊತ್ತು ಬೇಸತ್ತ ಮಂಡೂರಿನ ಜನ ಪ್ರತಿಭಟನೆಗೆ ಇಳಿದ ಮೇಲೆ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಮರುವರ್ಷ ಡಿಸೆಂಬರಿನಲ್ಲಿ ಹೈಕೋರ್ಟ್ ರಾಜಧಾನಿಯ ಮನೆಗಳಿಗೆ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಸ್ಯಾನಿಟರಿ ಪ್ಯಾಡ್‌ಗಳಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಯಾವ ಊರಿನವರಿಗೂ ಹೊಂದುವ ಲೆಕ್ಕವಿದು. ಹಸಿ ಕಸದ ಬುಟ್ಟಿಯೊಳಗೆ ಪ್ಲಾಸ್ಟಿಕ್ ಕವರ್ ಬೇಡ, ಹಳೆಯ ನ್ಯೂಸ್‌ಪೇಪರ್ ಹಾಸಿದರೆ ಸಾಕು.

ಹಾಲಿನ ಪ್ಯಾಕೆಟ್ಟಿಗೂ ಒಂದು ಕ್ರಮವಿದೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಿದರೆ ಆ ಚೂರು ಎಲ್ಲೋ ಮಣ್ಣು, ಮೋರಿ ಸೇರುತ್ತದೆ, ಆಯುವವರ ಕೈಗೆ ಸಿಗುವುದೇ ಇಲ್ಲ. ಪ್ಯಾಕೆಟ್ಟಿಗೆ ಅಂಟಿಕೊಂಡೇ ಇರುವಂತೆ ಸೀಳಿ, ತೊಳೆದು, ಒಣಗಿಸಿ ಕೊಟ್ಟರೆ ಅದು ಮರುಬಳಕೆಗೆ ಬರುವ ಒಳ್ಳೆಯ ಸರಕು.

ಬಾಲ್ಕನಿಯಲ್ಲೇ ಗೊಬ್ಬರ

ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಕಸದ ಗುಡ್ಡೆಯಡಿ ಗಾಳಿಯಿಲ್ಲದೆ ಕೊಳೆಯುವ ಸಿಪ್ಪೆ ಮೀಥೇನ್ ಬಿಡುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಈ ಅನಿಲ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು. ಅದೇ ಸಿಪ್ಪೆ ಗಾಳಿಯಾಡುತ್ತ ಕಳಿತರೆ ಗೊಬ್ಬರ.

ಬೇಕಾದದ್ದು 20 ಲೀಟರಿನ ಎರಡು ಪೇಂಟ್ ಬಕೆಟ್. ತಳಕ್ಕೂ ಪಕ್ಕಕ್ಕೂ ಕಾಯಿಸಿದ ಮೊಳೆಯಿಂದ ತೂತು ಮಾಡಿ, ಕೆಳಗೊಂದು ತಟ್ಟೆ ಇಡಿ. ತಳದಲ್ಲಿ ಮೂರು ಇಂಚು ಒಣ ಎಲೆ ಅಥವಾ ಕೊಕೊಪೀಟ್ ಹಾಸಿ, ಮೇಲೆ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಸ್ವಲ್ಪ ಹುಳಿ ಮಜ್ಜಿಗೆಯನ್ನೋ ಹಾಕಿ. ಮೊಸರಿಗೆ ಹೆಪ್ಪು ಬೇಕಾದಂತೆ ಇದಕ್ಕೂ ಸೂಕ್ಷ್ಮಜೀವಿಗಳ ಹೆಪ್ಪು ಬೇಕು. ಆಮೇಲೆ ದಿನದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕುತ್ತ, ಪ್ರತಿಸಲವೂ ಸಿಪ್ಪೆ ಕಾಣದಷ್ಟು ಒಣ ಎಲೆ ಮುಚ್ಚಬೇಕು. ವಾರಕ್ಕೆರಡು ಸಲ ಕೋಲಿನಿಂದ ತಿರುವಿಹಾಕಬೇಕು.

ಸೋಲುವವರು ಹೆಚ್ಚಾಗಿ ಸೋಲುವುದು ತೇವದ ಲೆಕ್ಕದಲ್ಲಿ. ಒಂದು ಹಿಡಿ ತೆಗೆದು ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು ಎಂದರ್ಥ, ತಿರುವಿಹಾಕಿ. ಮೂಗಿಗೆ ಅಮೋನಿಯಾದ ಘಾಟು ಹೊಡೆದರೆ ಒಣ ಎಲೆ ಸಾಲದು. ಬಿಳಿ-ಕಂದು ಹುಳುಗಳನ್ನು ಕಂಡು ಬಕೆಟ್ಟನ್ನೇ ಎಸೆದುಬಿಡುವವರಿದ್ದಾರೆ. ಅವು ಬಹುಮಟ್ಟಿಗೆ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ನೋಡಲಾಗದಿದ್ದರೆ ಇನ್ನೊಂದಿಷ್ಟು ಎಲೆ ಮುಚ್ಚಿದರಾಯಿತು. ಮಾಂಸ, ಮೂಳೆ, ಎಣ್ಣೆ ತೇಲುವ ಪಲ್ಯವನ್ನು ಹೊಸಬರು ಹಾಕದಿರುವುದೇ ಲೇಸು. ತೆಂಗಿನ ಚಿಪ್ಪು ಕರಗಲು ವರ್ಷಗಳೇ ಹಿಡಿಯುತ್ತವೆ.

ಬಕೆಟ್ ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದನ್ನು ಶುರು ಮಾಡಬೇಕು. ಎರಡು ತಿಂಗಳ ಹೊತ್ತಿಗೆ ಮೊದಲನೆಯದರಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ. ಬಕೆಟ್ ಅಂದ ಕೆಡಿಸುತ್ತದೆ ಎನ್ನುವವರಿಗೆ ಮಣ್ಣಿನ ಮಡಕೆಗಳ ದಾರಿಯಿದೆ. ಬೆಂಗಳೂರಿನ ‘ಡೈಲಿ ಡಂಪ್’ 2006ರಿಂದಲೂ ಒಂದರ ಮೇಲೊಂದು ಕೂರುವ ಇಂಥ ಮಡಕೆಗಳನ್ನು ಮಾರುತ್ತಿದೆ.

ಒಲೆ, ನೀರು, ಸಿಂಕು

ಕುಕ್ಕರಿನೊಳಗೆ ಶಾಖ ಏರುವುದು ಸುಮಾರು 120 ಡಿಗ್ರಿಯವರೆಗೆ ಮಾತ್ರ. ಮೊದಲ ಕೂಗಿನ ಮೇಲೂ ಉರಿ ಜೋರಾಗಿಟ್ಟರೆ ಬೇಳೆ ಬೇಗ ಬೇಯುವುದಿಲ್ಲ, ಗ್ಯಾಸ್ ಬರೀ ಹಬೆಯಾಗಿ ಹೋಗುತ್ತದೆ. ಆದ್ದರಿಂದ ಒಂದು ಕೂಗಿಗೆ ಸಿಮ್ ಮಾಡಿ. ಕಡಲೆ, ಹುರುಳಿಯನ್ನು ರಾತ್ರಿಯೇ ನೆನೆಹಾಕಿ. ಅನ್ನ, ಬೇಳೆ, ತರಕಾರಿ ಒಂದೇ ಕುಕ್ಕರಿನ ಬಟ್ಟಲುಗಳಲ್ಲಿ ಬೇಯಲಿ. ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿದ್ದರೆ ಬರ್ನರಿನ ತೂತು ಕಟ್ಟಿದೆ ಎಂದು ತಿಳಿದು ತೊಳೆಯಬೇಕು. ಇನ್ನೂ ಸೌದೆ ಉರಿಸುವ ಹಳ್ಳಿಮನೆಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಇಂದಿಗೂ ಒಳ್ಳೆಯ ಆಯ್ಕೆ: ಸೌದೆ ಕಡಿಮೆ, ಹೊಗೆ ಚಿಮಣಿಯಿಂದ ಹೊರಗೆ.

ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತಗಳಲ್ಲಿ ಪಂಪ್ ಮಾಡಿಸಿಕೊಂಡು ಬಂದದ್ದು. ಅಷ್ಟು ವಿದ್ಯುತ್ ತಿಂದ ನೀರಿನಲ್ಲಿ ಆರ್‌ಒ ಯಂತ್ರ ಒಂದು ಲೀಟರ್ ಕುಡಿಯಲು ಕೊಟ್ಟು, ಹಲವು ಮನೆಗಳಲ್ಲಿ ಎರಡು-ಮೂರು ಲೀಟರನ್ನು ಮೋರಿಗೆ ಬಿಡುತ್ತದೆ. ನೀರಿನಲ್ಲಿ ಕರಗಿದ ಲವಣಾಂಶ (ಟಿಡಿಎಸ್) ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದು, ಬೇರೆ ಕಲಬೆರಕೆಯಿಲ್ಲದಿದ್ದರೆ ಆರ್‌ಒ ಅನಗತ್ಯ. ಕಾವೇರಿ ನೀರಿಗೆ ಯುವಿ ಫಿಲ್ಟರ್ ಸಾಲುತ್ತದೆ. ಬೋರ್‌ವೆಲ್ ನೀರಿಗೆ ಆರ್‌ಒ ಬೇಕೇ ಬೇಕೆಂದಾದರೆ ಹೊರಬೀಳುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಬಹುದು. ಗಿಡಕ್ಕೆ ದಿನಾ ಹಾಕಿದರೆ ಮಣ್ಣು ಉಪ್ಪಾದೀತು. ಗಿಡಕ್ಕೆ ಅಕ್ಕಿ ತೊಳೆದ ನೀರಿದೆ.

ಪಾತ್ರೆ ಉಜ್ಜಲು ಒಣಗಿದ ತುಪ್ಪದ ಹೀರೆಯ ನಾರು ಸ್ಪಾಂಜಿಗಿಂತ ಗಟ್ಟಿ, ಕೊನೆಗೆ ಗೊಬ್ಬರದ ಬಕೆಟ್ಟಿಗೇ ಹೋಗುತ್ತದೆ. ನೆಲ ಒರೆಸಲು ಬಯೋಎಂಜೈಮ್: ಒಂದು ಪಾಲು ಬೆಲ್ಲ, ಮೂರು ಪಾಲು ಕಿತ್ತಳೆ-ನಿಂಬೆ ಸಿಪ್ಪೆ, ಹತ್ತು ಪಾಲು ನೀರು. ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಿ ಮೂರು ತಿಂಗಳು ಇಡಬೇಕು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡದಿದ್ದರೆ ಬಾಟಲಿ ಸಿಡಿಯುತ್ತದೆ. ಇದು ಎಲ್ಲಕ್ಕೂ ಮದ್ದಲ್ಲ. ಮೀನು, ಮಾಂಸ ಕತ್ತರಿಸಿದ ಮಣೆಗೆ ಸೋಪು, ಬಿಸಿನೀರೇ ಬೇಕು.

ಹಬ್ಬದ ದಿನ ಬೋಂಡ, ಚಕ್ಕುಲಿ ಕರಿದು ಉಳಿದ ಎಣ್ಣೆಯನ್ನು ಮಾತ್ರ ಸಿಂಕಿಗೆ ಸುರಿಯಬಾರದು. ಪೈಪಿನಲ್ಲಿ ಜಿಡ್ಡು ಗಟ್ಟಿಯಾಗಿ ನಿಲ್ಲುತ್ತದೆ. ಸೋಸಿಟ್ಟು ಒಂದೆರಡು ದಿನಗಳಲ್ಲಿ ಒಗ್ಗರಣೆಗೆ ಮುಗಿಸಬಹುದು. ಕಪ್ಪಾದದ್ದನ್ನು ಬಾಟಲಿಯಲ್ಲಿ ಕೂಡಿಡಿ. ಬಳಸಿದ ಅಡುಗೆ ಎಣ್ಣೆಯನ್ನು ಬಯೋಡೀಸೆಲ್ಲಿಗೆ ತಿರುಗಿಸುವ ‘ರುಕೊ’ ಯೋಜನೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಶುರು ಮಾಡಿದೆ. ಒಂದು ಮನೆಯ ಅರ್ಧ ಲೀಟರಿಗೆ ಯಾರೂ ಬರಲಾರರು. ಅಪಾರ್ಟ್‌ಮೆಂಟಿನವರು ದೀಪಾವಳಿ ಮುಗಿದ ಮೇಲೆ ಎಲ್ಲ ಮನೆಗಳ ಎಣ್ಣೆಯನ್ನು ಒಂದು ಕ್ಯಾನಿಗೆ ಸುರಿದಿಟ್ಟು, ಅಧಿಕೃತ ಸಂಗ್ರಹಕಾರರನ್ನು ಒಟ್ಟಿಗೆ ಕರೆಸಬಹುದು.