ಗಡಿ ದಾಟುವ ಪರವಾನಗಿ

ಸಂಯುಕ್ತ ಪದ್ಧತಿಯಲ್ಲಿ ಅಧಿಕಾರವು ಕೇಂದ್ರಕ್ಕೂ ರಾಜ್ಯಗಳಿಗೂ ಹಂಚಿಹೋಗಿರುತ್ತದೆಂಬುದನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಆ ಹಂಚಿಕೆಯು ನೊಂದ ಮನುಷ್ಯನೊಬ್ಬನ ಬಾಳನ್ನು ಹೇಗೆ ಮುಟ್ಟುತ್ತದೆಂಬುದಕ್ಕೆ ಅಮೆರಿಕದ ಒಂದು ಉದಾಹರಣೆಯನ್ನು ಪರಿಶೀಲಿಸೋಣ.

ಅಲ್ಲಿ ವೃತ್ತಿಗಳಿಗೆ ಪರವಾನಗಿ ಕೊಡುವುದು ರಾಜ್ಯಗಳ ಹಕ್ಕು. ಡೆಂಟ್ ಎಂಬ ವೈದ್ಯನಿಗೂ ವೆಸ್ಟ್ ವರ್ಜೀನಿಯಾ ರಾಜ್ಯಕ್ಕೂ ನಡೆದ ಮೊಕದ್ದಮೆಯಲ್ಲಿ 1889ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕನ್ನು ಎತ್ತಿಹಿಡಿಯಿತು. ಮಾನಸಿಕ ಆರೋಗ್ಯದ ಸಲಹೆಗಾರರಿಗೆ ಪರವಾನಗಿಯ ಶಾಸನವನ್ನು ಮೊದಲು ಮಾಡಿದ್ದು 1976ರಲ್ಲಿ ವರ್ಜೀನಿಯಾ. ಕಟ್ಟಕಡೆಗೆ ಮಾಡಿದ್ದು 2009ರಲ್ಲಿ ಕ್ಯಾಲಿಫೋರ್ನಿಯಾ. ಹೀಗೆ ಒಂದೊಂದು ರಾಜ್ಯವೂ ತನ್ನದೇ ನಿಯಮಗಳನ್ನು ಕಟ್ಟಿಕೊಂಡಿತು.

ಇದರ ಪರಿಣಾಮವೇನು? ಸಲಹೆ ಪಡೆಯುವವರು ಎಲ್ಲಿರುವರೋ ಅಲ್ಲಿಯೇ ಸಲಹೆ ನಡೆಯಿತೆಂದು ಕಾನೂನು ಸಾಮಾನ್ಯವಾಗಿ ಎಣಿಸುತ್ತದೆ. ಅರಿಜೋನದ ಯುವತಿಯೊಬ್ಬಳು ಓದಿಗಾಗಿ ಮಿನ್ನೆಸೋಟಕ್ಕೆ ಹೋದಳೆನ್ನಿ. ಅವಳ ಸಲಹೆಗಾರರು ದೂರವಾಣಿಯಲ್ಲಿ ನೆರವು ಮುಂದುವರಿಸಬೇಕಾದರೂ ಮಿನ್ನೆಸೋಟದ ಅನುಮತಿ ಬೇಕು. ಅದಿಲ್ಲದಿದ್ದರೆ, ಮನಸ್ಸು ಬಿಚ್ಚಲು ವರ್ಷ ಹಿಡಿದ ಹುಡುಗಿ ಹೊಸಬರ ಮುಂದೆ ಮೊದಲಿನಿಂದ ತನ್ನ ಕಥೆ ಹೇಳಬೇಕು. ಬೇಸತ್ತು ಅಲ್ಲಿಗೇ ಬಿಟ್ಟುಬಿಡುವ ಅಪಾಯವೂ ಉಂಟು. ಊರು ಬಿಟ್ಟು ಓದಲು ಬಂದ ನಮ್ಮಂಥವರಿಗೆ ಈ ಕಷ್ಟ ಅರಿಯದ್ದೇನೂ ಅಲ್ಲ.

ಇದರ ಪರಿಹಾರಕ್ಕಾಗಿ ಹುಟ್ಟಿದ್ದು ‘ಕೌನ್ಸೆಲಿಂಗ್ ಕಾಂಪ್ಯಾಕ್ಟ್’, ಎಂದರೆ ಸಲಹೆಗಾರರ ಅಂತರರಾಜ್ಯ ಒಡಂಬಡಿಕೆ. 2021ರಲ್ಲಿ ಜಾರ್ಜಿಯಾ ಇದನ್ನು ಮೊದಲು ಅಂಗೀಕರಿಸಿತು. ಹತ್ತು ರಾಜ್ಯಗಳು ಸೇರಿದ ಮೇಲೆ 2022ರಲ್ಲಿ ಜಾರಿಗೆ ಬಂದಿತು. ಆದರೆ ಶಾಸನವಾದ ಮಾತ್ರಕ್ಕೆ ಕೆಲಸ ಆದಂತಲ್ಲ. ಸಲಹೆಗಾರರ ದಾಖಲೆಗಳನ್ನು ರಾಜ್ಯಗಳು ಪರಸ್ಪರ ನೋಡುವ ಏರ್ಪಾಡು ಬೇಕಾಗಿತ್ತು. ಅರಿಜೋನ, ಮಿನ್ನೆಸೋಟಗಳಲ್ಲಿ ಅನುಮತಿ ನೀಡುವ ಕೆಲಸ ಮೊದಲಾದದ್ದು 2025ರಲ್ಲಿ.

ಇದು ದೇಶಕ್ಕೆಲ್ಲ ಒಂದೇ ಪರವಾನಗಿಯಲ್ಲ. ಸಲಹೆಗಾರರು ತಾವು ವಾಸಿಸುವ ರಾಜ್ಯದಲ್ಲಿ ಪರವಾನಗಿ ಪಡೆದಿರಬೇಕು. 60 ಸೆಮಿಸ್ಟರ್ ಗಂಟೆಗಳ ಸ್ನಾತಕೋತ್ತರ ವ್ಯಾಸಂಗ, ಪರೀಕ್ಷೆ, ಮೇಲ್ವಿಚಾರಣೆಯಲ್ಲಿ ಪಡೆದ ಅನುಭವ ಇರಬೇಕು. ಆ ಆಧಾರದ ಮೇಲೆ ಒಡಂಬಡಿಕೆಗೆ ಸೇರಿದ ಬೇರೆ ರಾಜ್ಯದಲ್ಲಿ ಕೆಲಸ ಮಾಡುವ ಅನುಮತಿ ದೊರೆಯುತ್ತದೆ.

ಇದರಿಂದ ರಾಜ್ಯದ ಅಧಿಕಾರ ಕುಗ್ಗದೆ ಎಂದು ಕೆಲವರು ಕೇಳಬಹುದು. ಹಾಗಾಗದು. ಒಡಂಬಡಿಕೆಗೆ ಸೇರುವುದು ಆಯಾ ಶಾಸನಸಭೆಯ ಇಚ್ಛೆ. ಹೊರಗಿನಿಂದ ಬಂದವರು ಅಲ್ಲಿನ ಕಾನೂನನ್ನೇ ಪಾಲಿಸಬೇಕು. ತಪ್ಪಿದರೆ ಆ ರಾಜ್ಯವು ಅನುಮತಿಯನ್ನು ಕಿತ್ತುಕೊಳ್ಳಬಹುದು.

ಒಡಂಬಡಿಕೆಯು ಹೊಸ ಸಲಹೆಗಾರರನ್ನು ಸೃಷ್ಟಿಸದು. ಇರುವವರ ನೆರವು ಗಡಿಯಲ್ಲಿ ಕಡಿದುಹೋಗದಂತೆ ಮಾತ್ರ ನೋಡಿಕೊಳ್ಳುತ್ತದೆ. ಪರವಾನಗಿಯೆಂಬುದು ಜನರನ್ನು ಅರೆಗಲಿತವರಿಂದ ಕಾಪಾಡಲು ಹುಟ್ಟಿತು. ಕಲಿತವರನ್ನೇ ಅದು ಜನರಿಂದ ದೂರವಿಡುವುದಾದರೆ, ರಾಜ್ಯಗಳು ಕೂಡಿ ಕುಳಿತು ಅದನ್ನು ತಿದ್ದಿಕೊಳ್ಳುವುದೇ ಸಂಯುಕ್ತ ಪದ್ಧತಿಗೆ ಭೂಷಣ.