ಮನೆಯಲ್ಲಿ ಬಾತುಕೋಳಿ ಮರಿ: ಮೊದಲ ಎಂಟು ವಾರಗಳು

ಮಹಾನಗರದ ಪೇಟೆಬೀದಿಯಲ್ಲಿ ಬುಟ್ಟಿಯ ತುಂಬ ಪಿಳಿಪಿಳಿ ಕಣ್ಣು ಬಿಡುವ ಹಳದಿ ತುಪ್ಪುಳಿನ ಬಾತುಕೋಳಿ ಮರಿಗಳನ್ನು ಕಂಡು ಮಕ್ಕಳು ಹಟ ಹಿಡಿಯುವುದು ಹೊಸದಲ್ಲ. ಕೊಂಡು ತಂದ ಮರಿ ವಾರ ತುಂಬುವುದರೊಳಗೆ ಸತ್ತರೆ, ಅದರ ಆಯುಸ್ಸೇ ಅಷ್ಟೆಂದು ಮಗುವನ್ನು ಸಂತೈಸುವುದೂ ರೂಢಿಯಾಗಿದೆ. ಈ ಸಮಾಧಾನ ಸತ್ಯಕ್ಕೆ ದೂರವಾದುದು. ಒಳ್ಳೆಯ ಆರೈಕೆಯಲ್ಲಿ ಬಾತು ಎಂಟು ಹತ್ತು ವರ್ಷ ಬದುಕಬಲ್ಲ ಹಕ್ಕಿ. ಎಳೆಯ ಮರಿಗಳು ಸಾಯುವುದು ಬಹುಮಟ್ಟಿಗೆ ಚಳಿಯಿಂದ, ನೆನೆಯುವುದರಿಂದ, ಹಾಗೂ ಕೋಳಿಮರಿಯ ಆಹಾರವೇ ಇದಕ್ಕೂ ಸಾಕೆಂಬ ತಪ್ಪು ತಿಳಿವಳಿಕೆಯಿಂದ.

28 ದಿನಗಳ ಕಾವಿನ ನಂತರ ಮೊಟ್ಟೆಯೊಡೆದು ಬಂದ ಮರಿಗೆ ಮೈಯ ಉಷ್ಣವನ್ನು ಕಾಪಾಡಿಕೊಳ್ಳುವ ಶಕ್ತಿ ಇನ್ನೂ ಇರದು. ತಾಯಿ ಇದ್ದರೆ ಅದರ ರೆಕ್ಕೆಯಡಿ ಸೇರಿಕೊಳ್ಳುತ್ತಿತ್ತು. ತಾಯಿಯಿಲ್ಲದ ಮರಿಗೆ ಆ ಶಾಖವನ್ನು ಮನೆಯವರೇ ಒದಗಿಸಬೇಕು. ಮೊದಲ ವಾರ ಅದು ಮಲಗುವ ಜಾಗದಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ತಗ್ಗಿಸುತ್ತ ಬರಬಹುದು. ಅಗಲವಾದ ಪೆಟ್ಟಿಗೆಯ ಒಂದು ಮೂಲೆಯ ಮೇಲೆ, ಯಾವುದಕ್ಕೂ ತಾಗದಂತೆ ಭದ್ರವಾಗಿ ತೂಗುಬಿಟ್ಟ ಹಳೆಯ ಬಗೆಯ ತಂತಿಯ ಬಲ್ಬು ಈ ಕೆಲಸ ಮಾಡುತ್ತದೆ. ಈಗಿನ ಎಲ್‌ಇಡಿ ದೀಪದಿಂದ ಬೆಳಕು ದೊರೆಯುವುದೇ ಹೊರತು ಸಾಕಷ್ಟು ಶಾಖ ದೊರೆಯದು. ಚೆನ್ನೈಯ ಮೇ ತಿಂಗಳ ಹಗಲಿಗೆ ದೀಪವೇ ಬೇಡವಾಗಬಹುದು. ದಿಲ್ಲಿಯ ಜನವರಿಯ ರಾತ್ರಿಗೆ ಅದಿಲ್ಲದೆ ಗತಿಯಿಲ್ಲ. ಉಷ್ಣಮಾಪಕವಿಲ್ಲದಿದ್ದರೆ ಮರಿಗಳ ನಡತೆಯನ್ನೇ ನೋಡಬೇಕು. ದೀಪದಡಿ ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಚಳಿ. ದೂರ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ನೆಲಕ್ಕೆ ನುಣುಪಾದ ವೃತ್ತಪತ್ರಿಕೆ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ; ಒರಟು ಬಟ್ಟೆಯೋ ಒಣಗಿದ ಭತ್ತದ ಹೊಟ್ಟೋ ಮೇಲು.

ಬಾತೆಂದರೆ ನೀರಿನ ಹಕ್ಕಿ ಎಂದು ಮೊದಲ ದಿನವೇ ಬಕೆಟ್ಟಿನಲ್ಲಿ ಬಿಡುವವರುಂಟು. ತಾಯಿ ಜೊತೆಗಿದ್ದರೆ ನೀರಿಗಿಳಿದ ಮರಿಗಳನ್ನು ಸಕಾಲಕ್ಕೆ ಹೊರಗೆ ಕರೆದು ರೆಕ್ಕೆಯಡಿ ಬೆಚ್ಚಗಿಡುತ್ತದೆ. ತಾಯಿಯಿಲ್ಲದ ಮರಿಯ ತುಪ್ಪುಳು ಬೇಗ ನೆನೆದು, ಮೈ ತಣ್ಣಗಾಗಿ, ಏರಿ ಬರಲು ದಾರಿಯಿಲ್ಲದೆ ಅದು ಬಕೆಟ್ಟಿನಲ್ಲೇ ಮುಳುಗುವುದೂ ಉಂಟು. ಆದರೆ ಕುಡಿಯುವ ನೀರು ಮಾತ್ರ ಹಗಲೆಲ್ಲ ಬೇಕು. ಮೂಗಿನ ಹೊಳ್ಳೆ ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳವಿರಬೇಕು, ಒಳಗಿಳಿಯದಂತೆ ನಡುವೆ ದಪ್ಪ ಕಲ್ಲುಗಳನ್ನಿಡಬೇಕು. ಎರಡು ಮೂರು ವಾರಗಳಾದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ, ಎದುರಿಗಿದ್ದು, ಐದು ನಿಮಿಷ ಈಜಾಡಿಸಿ ಒರೆಸಿ ದೀಪದಡಿ ಬಿಟ್ಟರೆ ಸಾಕು.

ಆಹಾರದ ವಿಷಯವನ್ನು ಕೊಂಚ ವಿವರವಾಗಿ ಹೇಳಬೇಕು. ಬ್ರೆಡ್ಡು, ಬಿಸ್ಕತ್ತು, ಬರಿಯ ಅನ್ನ ಹೊಟ್ಟೆ ತುಂಬಿಸುತ್ತವೆಯೇ ವಿನಾ ಬೆಳೆಸುವುದಿಲ್ಲ. ನೂರಕ್ಕೆ 20ರಷ್ಟು ಪ್ರೋಟೀನುಳ್ಳ ಮರಿಗಳ ಆಹಾರವನ್ನು ನೀರಿನಲ್ಲಿ ಕಲಸಿ, ಸ್ವಲ್ಪ ಸ್ವಲ್ಪವೇ ಕೊಡಬೇಕು. ಉಳಿದುದು ಹುಳಿಯುವ ಮುನ್ನ ಎಸೆಯಬೇಕು. ಬಾತಿನ ಮರಿಗೆ ನಯಾಸಿನ್ ಎಂಬ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು, ಕಿಲೋ ಆಹಾರಕ್ಕೆ 55 ಮಿಲಿಗ್ರಾಂನಷ್ಟು. ಇದು ಕಡಿಮೆಯಾದರೆ ಕಾಲಿನ ಗೆಣ್ಣು ಊದಿ, ಕಾಲು ಬಿಲ್ಲಿನಂತೆ ಬಾಗಿ, ಮರಿ ಕುಳಿತೇ ತಿನ್ನತೊಡಗುತ್ತದೆ. ಇದೇ ಜೀವಸತ್ವದ ಅಭಾವದಿಂದ ಮನುಷ್ಯರಿಗೆ ಬರುವ ಪೆಲ್ಲಾಗ್ರ ರೋಗವನ್ನು, ಜೋಳವನ್ನೇ ನೆಚ್ಚಿ ಬಾಳುವ ದಖ್ಖನಿನ ಬಡವರಲ್ಲಿ, 1960ರ ದಶಕದಲ್ಲಿ ಹೈದರಾಬಾದಿನ ಪೋಷಣ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತವರ ಸಂಗಡಿಗರು ಅಭ್ಯಾಸ ಮಾಡಿದ್ದರು. ಬಾತಿಗೆ ಬ್ರೂವರ್ಸ್ ಯೀಸ್ಟ್ ಬೆರೆಸಿದರೆ ಕೊರತೆ ನೀಗುತ್ತದೆ. ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ ತಿಳಿಯುವುದು ಕ್ಷೇಮ. ಕಾಲು ಬಾಗಿದ ಮೇಲೆ ತಡಮಾಡಿದರೆ ಅದು ನೆಟ್ಟಗಾಗುವುದು ಕಷ್ಟ.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಗ್ಗಿದ ಧಾನ್ಯಗಳನ್ನು ಹತ್ತಿರಕ್ಕೂ ತರಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಕಾರಣ ಕಂಡುಬಂದುದು ಇಂಥ ಹಿಂಡಿಯ ಬೂಷ್ಟಿನಲ್ಲಿದ್ದ ಅಫ್ಲಾಟಾಕ್ಸಿನ್ ವಿಷ. ಬಾತಿನ ಮರಿ ಈ ವಿಷಕ್ಕೆ ಎಷ್ಟು ಸೂಕ್ಷ್ಮವೆಂದರೆ, ವಿಷವನ್ನು ಪತ್ತೆಹಚ್ಚಲು ವಿಜ್ಞಾನಿಗಳು ಅದನ್ನೇ ಬಳಸುತ್ತಿದ್ದರು. ಮುಂಬಯಿಯ ಮಳೆಗಾಲದಲ್ಲಿ ತಿಂಗಳ ಆಹಾರವನ್ನು ಒಮ್ಮೆಗೇ ಕೊಂಡಿಡುವುದು ಜಾಣತನವಲ್ಲ.

ಇನ್ನು ಮನೆಯವರ ಆರೋಗ್ಯ. ನೋಡಲು ಸ್ವಸ್ಥವಾದ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೂ ವೃದ್ಧರಿಗೂ ಅದರಿಂದ ತೀವ್ರವಾದ ಭೇದಿ, ಜ್ವರ ಬಂದೀತು. ಮರಿಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು, ಮುದ್ದಿಡಬಾರದು, ಅದರ ಪಾತ್ರೆಗಳನ್ನು ಅಡಿಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು. 2014ರಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂಗಳ ಬಾತುಗಳಲ್ಲಿ ಹಕ್ಕಿಜ್ವರ ಹಬ್ಬಿತ್ತು. ಅಂಥ ಸುದ್ದಿ ಇರುವಾಗ ಮರಿ ಕೊಳ್ಳುವ ವಿಚಾರವನ್ನೇ ಮುಂದೂಡಬೇಕು.

ಒಂಟಿ ಮರಿ ಕೊರಗುತ್ತದೆ, ಎರಡಾದರೂ ಬೇಕು. ಆದರೆ ಏಳೆಂಟು ವಾರಗಳಲ್ಲಿ ಗರಿ ಮೂಡಿದ ಎರಡು ಬಾತುಗಳಿಗೆ ಬಾಲ್ಕನಿ ಸಾಲದು. ಹೆಣ್ಣು ಬಾತಿನ ಕೂಗಂತೂ ಮೂರು ಮಹಡಿಗೆ ಕೇಳಿಸೀತು. ಗಂಡಿನದು ಗೊಗ್ಗರು ದನಿ. ಬೆಳೆದವನ್ನು ಉದ್ಯಾನದ ಕೆರೆಗೆ ಬಿಟ್ಟುಬರುವುದು ದಯೆಯಲ್ಲ; ಚೆನ್ನಾಗಿ ಹಾರಲಾರದ ಸಾಕುಬಾತು ಬೀದಿನಾಯಿಗೆ ತುತ್ತಾಗುತ್ತದೆ. ಆದುದರಿಂದ ತೋಟ, ಹೊಂಡ, ರಾತ್ರಿ ಮುಚ್ಚಿಡಲು ಗೂಡು ಇರುವ ಬಂಧುಗಳೋ ಪರಿಚಿತರೋ ಒಪ್ಪಿದ ಮೇಲೆಯೇ ಮರಿಗಳನ್ನು ತರಬೇಕು. ಅಲ್ಲಿಗೆ ಒಯ್ಯುವಾಗ ಗಾಳಿಯಾಡುವ ಬುಟ್ಟಿಯಲ್ಲಿ, ಬೆಳಗಿನ ತಂಪು ಹೊತ್ತಿನಲ್ಲಿ, ಎರಡನ್ನೂ ಒಟ್ಟಿಗೆ ಒಯ್ಯುವುದು ಲೇಸು.