ವಠಾರದ ಟ್ಯಾಂಕು ಮತ್ತು ನಮ್ಮ ವೆಬ್‌ಸೈಟು



ರಾಜ್ಯೋತ್ಸವದ ಟಿಕೆಟ್ ಬಿಟ್ಟ ಭಾನುವಾರ ನಮ್ಮ ಕೂಟದ ವೆಬ್‌ಸೈಟ್ ಕೈಕೊಟ್ಟಿದ್ದು ನಿಮಗೆಲ್ಲ ನೆನಪಿರಬಹುದು. ಬೆಳಿಗ್ಗೆ 10ಕ್ಕೆ ಮಾರಾಟ ಶುರು, 10 ಗಂಟೆ 2 ನಿಮಿಷಕ್ಕೆ ‘508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’ ಎಂಬ ಬಿಳಿ ಪುಟ! ಫ್ರೀಮಾಂಟ್‌ನ ಹಿರಿಯರೊಬ್ಬರು ಫೋನ್ ಮಾಡಿ, “ಏನಪ್ಪಾ, ಸಿಲಿಕಾನ್ ವ್ಯಾಲಿಯಲ್ಲಿ ಕೂತು ಮುನ್ನೂರು ಜನಕ್ಕೆ ಟಿಕೆಟ್ ಕೊಡೋಕಾಗಲ್ವಾ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ವೆಬ್‌ಸೈಟ್ ನೋಡಿಕೊಳ್ಳುವವನು ನಾನೇ.

ಸಮಿತಿಯಲ್ಲಿ “ಸ್ವಂತ ಸರ್ವರ್ ತೆಗೆದುಕೊಂಡುಬಿಡೋಣ” ಎಂಬ ಮಾತು ಬಂತು. ಈಗಿನ ಬಾಡಿಗೆಯ ಹತ್ತು ಪಟ್ಟು, ಅದೂ ಸದಸ್ಯತ್ವದ ಹಣದಲ್ಲಿ. ಒಂದು ವಾರ ಸಮಯ ಕೊಡಿ ಎಂದು ಕೇಳಿಕೊಂಡೆ. ಆ ವಾರ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಹಳೇ ವಠಾರಗಳನ್ನು ನೆನಪಿಸಿಕೊಳ್ಳಿ. ಹತ್ತು ಮನೆ, ಒಂದೇ ಟ್ಯಾಂಕು. ಒಂದು ಮನೆಯವರು ನಲ್ಲಿ ಬಿಟ್ಟು ಮದುವೆಗೆ ಹೋದರೆ ಉಳಿದ ಒಂಬತ್ತು ಮನೆಗೆ ನೀರಿಲ್ಲ. ಜಾಣ ಮಾಲೀಕ ಪ್ರತಿ ಮನೆಯ ಪೈಪಿಗೂ ಒಂದು ವಾಲ್ವ್ ಹಾಕಿಸುತ್ತಾನೆ. ಶೇರ್ಡ್ ಹೋಸ್ಟಿಂಗ್ ಎಂದರೆ ಇದೇ. ಒಂದೇ ಯಂತ್ರದಲ್ಲಿ ನೂರಾರು ವೆಬ್‌ಸೈಟು, ಒಂದೊಂದಕ್ಕೂ ವಾಲ್ವು. ಜಾಹೀರಾತಿನಲ್ಲಿ ‘ಅನ್‌ಲಿಮಿಟೆಡ್’ ಎಂದಿರುವುದು ಸಾಮಾನ್ಯವಾಗಿ ಡಿಸ್ಕ್ ಜಾಗಕ್ಕೆ. ಸಿಪಿಯು, ಮೆಮೊರಿ, ಏಕಕಾಲದ ಕೋರಿಕೆಗಳು, ಕಡತಗಳ ಒಟ್ಟು ಸಂಖ್ಯೆ ಇವಕ್ಕೆಲ್ಲ ಸಣ್ಣ ಅಕ್ಷರದಲ್ಲಿ ಮಿತಿಯಿರುತ್ತದೆ. ಅನ್‌ಲಿಮಿಟೆಡ್ ಊಟದ ಬೋರ್ಡು ನೋಡಿ ಒಳಗೆ ಹೋದರೆ ಪಾಯಸ ಒಂದೇ ಸೌಟು ಅನ್ನುವ ಹಾಗೆ!

ಈ ವಾಲ್ವಿನ ಕಥೆ ನಮ್ಮ ಎರಡೂ ಊರಿಗೆ ಸೇರಿದ್ದು. 2006ರಲ್ಲಿ ಇಲ್ಲೇ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಲಿನಕ್ಸ್‌ಗಾಗಿ ಆರಂಭಿಸಿದ ಕೆಲಸ ‘ಸಿಗ್ರೂಪ್ಸ್’ ಎಂಬ ಹೆಸರಿನಲ್ಲಿ 2008ರ ಜನವರಿಯ 2.6.24 ಆವೃತ್ತಿಗೆ ಸೇರಿತು. ಅದರ ಮೆಮೊರಿ ವಾಲ್ವ್ ಬಂದದ್ದು ಅದೇ ವರ್ಷದ ಏಪ್ರಿಲ್‌ನ 2.6.25ರಲ್ಲಿ. ಅದರ ಹಿಂದಿನ ಮುಖ್ಯ ಕೈ ಐಬಿಎಂನ ಬೆಂಗಳೂರು ತಂಡದ ಬಲಬೀರ್ ಸಿಂಗ್ ಅವರದು. 508 ಎಂಬ ಪುಟ ಮಾತ್ರ ಹೋಸ್ಟಿಂಗ್‌ನವರಿಗೆಂದೇ 2010ರಲ್ಲಿ ಬಂದ ಕ್ಲೌಡ್‌ಲಿನಕ್ಸ್‌ನ ರೂಢಿ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಖಾತೆಗೆ ಏಕಕಾಲಕ್ಕೆ 20 ಕೋರಿಕೆಗಳ ಮಿತಿ. ಹೋಟೆಲಿನಲ್ಲಿ 20 ಕುರ್ಚಿ ಇದ್ದಂತೆ. ನಮ್ಮ ಟಿಕೆಟ್ ಪುಟ ತಯಾರಾಗಲು 4 ಸೆಕೆಂಡು ಹಿಡಿಯುತ್ತಿತ್ತು. 20ನ್ನು 4ರಿಂದ ಭಾಗಿಸಿ: ಸೆಕೆಂಡಿಗೆ 5 ಜನ. 300 ಜನ ಒಂದೇ ನಿಮಿಷದಲ್ಲಿ ಬಂದರೆ ಅದೂ ಸೆಕೆಂಡಿಗೆ 5. ಅಲ್ಲಿಗೇ ಕುರ್ಚಿ ಭರ್ತಿ! ಅದರ ಮೇಲೆ ನಾವೆಲ್ಲ ಸುಮ್ಮನಿರುವವರೇ? ರಿಫ್ರೆಶ್ ಒತ್ತುತ್ತೇವೆ. ಹಳೆಯ ಕೋರಿಕೆ ಸಾಮಾನ್ಯವಾಗಿ ತಕ್ಷಣ ಎದ್ದುಹೋಗುವುದಿಲ್ಲ, ಹೊಸದು ಇನ್ನೊಂದು ಕುರ್ಚಿ ಕೇಳುತ್ತದೆ. ಒಬ್ಬರೇ ಮೂರು ಕುರ್ಚಿ ಹಿಡಿದರೆ ಮಿಕ್ಕವರಿಗೆ 508.

ಹಾಗಾದರೆ 4 ಸೆಕೆಂಡು ಏಕೆ? ತಪ್ಪು ನನ್ನದೇ. ಟಿಕೆಟ್ ಪುಟದ ಬದಿಯಲ್ಲಿ ‘ಈವರೆಗಿನ ಕಾರ್ಯಕ್ರಮಗಳು’ ಎಂದು ಚೆಂದಕ್ಕೆ ಒಂದು ಪಟ್ಟಿ ಹಾಕಿದ್ದೆ. ಪ್ರತಿ ಭೇಟಿಗೂ ಅದು ಡೇಟಾಬೇಸಿನಿಂದ ಹತ್ತು ವರ್ಷದ ಮಾಹಿತಿ ಹೆಕ್ಕುತ್ತಿತ್ತು. ಯಾರೂ ಅದನ್ನು ಓದುತ್ತಿರಲಿಲ್ಲ ಎಂಬುದು ಬೇರೆ ಮಾತು. ಪಟ್ಟಿ ತೆಗೆದೆ. ಪುಟ ಅರ್ಧ ಸೆಕೆಂಡಿಗೆ ಇಳಿಯಿತು, ಅಂದರೆ ಅದೇ 20 ಕುರ್ಚಿಯಲ್ಲಿ ಸೆಕೆಂಡಿಗೆ 40 ಜನ. ಮುಖಪುಟವನ್ನು ಒಮ್ಮೆ ತಯಾರಿಸಿ ಸಿದ್ಧ ಕಡತವಾಗಿ ಇಟ್ಟೆ. ಅಡುಗೆಮನೆಗೆ ಹೋಗದೆ ಕೌಂಟರಿನಲ್ಲೇ ಸಿಗುವ ಇಡ್ಲಿಯಂತೆ, ಅದಕ್ಕೆ ಕುರ್ಚಿಯೇ ಬೇಡ.

ಸ್ವಂತ ಸರ್ವರ್ ವಿಚಾರ ಸಮಿತಿ ಸದ್ಯಕ್ಕೆ ಕೈಬಿಟ್ಟಿದೆ. ಕೊಂಡಿದ್ದರೂ ಆ ಪಟ್ಟಿ ಅಲ್ಲೂ ಕೂತು ತಿನ್ನುತ್ತಿತ್ತು.

ಇನ್ನೊಂದು ಮಿತಿ ಹತ್ತಿರ ಬರುತ್ತಿದೆ: ಕಡತಗಳ ಸಂಖ್ಯೆ. ನೀವು ಕಳಿಸುವ ಒಂದು ಫೋಟೋಗೆ ವೆಬ್‌ಸೈಟ್ ತಾನಾಗಿಯೇ ಬೇರೆ ಬೇರೆ ಅಳತೆಯ ಹಲವು ಪ್ರತಿ ಮಾಡಿಟ್ಟುಕೊಳ್ಳುತ್ತದೆ. ಹಳೆಯ ಪಿಕ್ನಿಕ್ ಆಲ್ಬಮ್‌ಗಳನ್ನು ಈ ತಿಂಗಳ ಕೊನೆಗೆ ಇಳಿಸುತ್ತಿದ್ದೇನೆ. ಬೇಕಾದವರು ಅಷ್ಟರೊಳಗೆ ಪ್ರತಿ ಮಾಡಿಕೊಳ್ಳಿ. ಯುಗಾದಿ ಟಿಕೆಟ್ ದಿನ ಪುಟ ತಡವಾದರೆ, ದಯವಿಟ್ಟು ಇಪ್ಪತ್ತರವರೆಗೆ ಎಣಿಸಿ ಆಮೇಲೆ ರಿಫ್ರೆಶ್ ಒತ್ತಿ.